ಲೋಡ್ ಹಾಕಿದಾಗ ಮಾತ್ರ ಗಾಡಿ ಜರ್ಕ್ ಹೊಡೆಯುತ್ತಿದೆಯಾ? ಮೊದಲು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ

ಪ್ರಶ್ನೆ: ನನ್ನದು 2016ರ ಸಿಎನ್‌ಜಿ ಮಿನಿ ಟ್ರಕ್, ನಾಲ್ಕು ಸಿಲಿಂಡರ್. ಪೆಟ್ರೋಲ್‌ನಲ್ಲೂ ಓಡುತ್ತದೆ. 1,40,000 ಕಿ.ಮೀ. ಆಗಿದೆ. ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಮಾರ್ಕೆಟ್‌ಗೆ ಟೊಮೆಟೊ ಸಾಗಿಸುತ್ತೇನೆ. ಒಂದು ತಿಂಗಳಿಂದ ಲೋಡ್ ಇದ್ದಾಗ ಏರು ಬಂದರೆ ಜರ್ಕ್ ಹೊಡೆಯುತ್ತದೆ. ಪೆಟ್ರೋಲ್‌ಗೆ ಹಾಕಿದರೆ ಸುಮ್ನೆ ಹೋಗುತ್ತದೆ. ಗ್ಯಾಸ್ ಕಿಟ್ ಹೋಗಿದೆ, ಬದಲಿಸಿ ಎನ್ನುತ್ತಾರೆ. ಪ್ಲಗ್ ಯಾವಾಗ ಹಾಕಿಸಿದ್ದೋ ನೆನಪಿಲ್ಲ. ಏನು ಮಾಡಲಿ ಸಾರ್?

ಉತ್ತರ: ಕಿಟ್‌ಗೆ ದುಡ್ಡು ಹಾಕುವ ಮೊದಲು ನಾಲ್ಕು ಸ್ಪಾರ್ಕ್ ಪ್ಲಗ್ (ಇಂಜಿನ್ ಒಳಗೆ ಕಿಡಿ ಕೊಡುವ ಭಾಗ) ಬಿಚ್ಚಿಸಿ ನೋಡಿ. ನೀವು ಬರೆದ ಲಕ್ಷಣ ಸವೆದ ಪ್ಲಗ್‌ನದ್ದೇ ಇರಬಹುದು. ಪೆಟ್ರೋಲ್‌ಗಿಂತ ಸಿಎನ್‌ಜಿಗೆ ಬೆಂಕಿ ಹಚ್ಚಲು ಜಾಸ್ತಿ ವೋಲ್ಟೇಜ್ ಬೇಕು. ಲೋಡ್ ಹೊತ್ತು ಏರು ಹತ್ತುವಾಗ ಸಿಲಿಂಡರ್ ಒಳಗಿನ ಒತ್ತಡವೂ ಏರುತ್ತದೆ, ಆಗ ಇನ್ನೂ ಜಾಸ್ತಿ ಬೇಕು. ಪ್ಲಗ್ ತುದಿ ಸವೆದು, ಕಿಡಿ ಹಾರುವ ಸಂದು, ಅಂದರೆ ಗ್ಯಾಪ್, ಅಗಲವಾಗಿದ್ದರೆ ಕಿಡಿ ದಾಟುವುದೇ ಇಲ್ಲ. ಅದಕ್ಕೇ ಅದೇ ಪ್ಲಗ್ ಪೆಟ್ರೋಲ್‌ನಲ್ಲಿ ನಡೆಯುತ್ತದೆ, ಗ್ಯಾಸ್‌ನಲ್ಲಿ ಕೈಕೊಡುತ್ತದೆ.

ಇಂಜಿನ್ 2,500 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಒಂದೊಂದು ಪ್ಲಗ್ ನಿಮಿಷಕ್ಕೆ 1,250 ಸಲ ಕಿಡಿ ಕೊಡುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ 30,000 ಕಿ.ಮೀ. ಓಡಿದರೆ ಅದು ಐದು ಕೋಟಿ ಸಲಕ್ಕಿಂತ ಜಾಸ್ತಿ. ಸಾದಾ ನಿಕಲ್ ಪ್ಲಗ್‌ಗೆ 20ರಿಂದ 30 ಸಾವಿರ ಕಿ.ಮೀ. ಸಾಕು. ಇರಿಡಿಯಂ ಇನ್ನೂ ಬಹಳ ದೂರ ಬರುತ್ತದೆ. ಬಾಡಿಗೆ ಗಾಡಿಯಲ್ಲಿ ಬದಲಿಸಿದ ದಿನದ ಕಿ.ಮೀ. ಸೀಟಿನ ಪಕ್ಕದಲ್ಲಿ ಒಂದು ಸ್ಟಿಕ್ಕರ್ ಮೇಲೆ ಬರೆದು ಅಂಟಿಸಿಬಿಡಿ.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೆಲಸ ಶುರು ಮಾಡಿ. ಹೆಡ್ (ಪ್ಲಗ್ ಕೂರುವ ಇಂಜಿನ್‌ನ ಮೇಲ್ಭಾಗ) ಅಲ್ಯುಮಿನಿಯಂ ಆಗಿದ್ದರೆ ಬಿಸಿಯಲ್ಲಿ ಪ್ಲಗ್ ತಿರುಗಿಸಿದಾಗ ಥ್ರೆಡ್ ಕಿತ್ತು ಬರಬಹುದು. ಇಗ್ನಿಷನ್ ಆಫ್ ಮಾಡಿ, ಗ್ಯಾಸ್ ಸಿಲಿಂಡರ್‌ನ ವಾಲ್ವ್ ಮುಚ್ಚಿ. ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ತೆಗೆದ ಮೇಲೆ ಪ್ಲಗ್ ಕುಳಿತ ಗುಂಡಿಗೆ ಏರ್ ಹೊಡೆಸಿ ಧೂಳು ತೆಗೆಯಿರಿ. ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ, ಆಮೇಲೆ ಅಷ್ಟೂ ಮಣ್ಣು ಇಂಜಿನ್ ಸಿಲಿಂಡರ್ ಒಳಗೆ ಬೀಳುತ್ತದೆ.

ಬಿಚ್ಚಿದ ಪ್ಲಗ್‌ಗಳನ್ನು ಕಸಕ್ಕೆ ಹಾಕಬೇಡಿ. ಒಂದರಿಂದ ನಾಲ್ಕರವರೆಗೆ ಸಾಲಾಗಿ ಒಂದು ಬಟ್ಟೆ ಮೇಲೆ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಾಗಿದ್ದರೆ ಇಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿ ಇದ್ದರೆ ಇಂಧನ ಜಾಸ್ತಿ ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆ ಒದ್ದೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್‌ನಿಂದ ಆಯಿಲ್ ಬರುತ್ತಿದೆ. ನಾಲ್ಕರಲ್ಲಿ ಒಂದೇ ಒಂದು ಬೇರೆ ಬಣ್ಣದ್ದಾಗಿದ್ದರೆ ತೊಂದರೆ ಆ ಸಿಲಿಂಡರ್‌ನಲ್ಲಿದೆ. ಒಂದು ಮಾತು ನೆನಪಿರಲಿ: ಸಿಎನ್‌ಜಿ ಶುದ್ಧವಾಗಿ ಉರಿಯುವುದರಿಂದ ಪ್ಲಗ್ ಸ್ವಲ್ಪ ಬಿಳುಚಿಕೊಂಡೇ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ತುದಿ ಕರಗಿದ್ದರೆ, ಪಿಂಗಾಣಿ ಮೇಲೆ ಗುಳ್ಳೆ ಎದ್ದಿದ್ದರೆ ಮಾತ್ರ ಚಿಂತೆ.

ಹೊಸ ಪ್ಲಗ್ ಕೈಪಿಡಿಯಲ್ಲಿ ಬರೆದ ನಂಬರ್‌ನದ್ದೇ ಇರಲಿ. ಗ್ಯಾಪ್ ಸಾಮಾನ್ಯವಾಗಿ 0.7ರಿಂದ 1.1 ಮಿ.ಮೀ. ಒಳಗೆ ಇರುತ್ತದೆ. ನಿಮ್ಮ ಗಾಡಿಗೆ ಎಷ್ಟು ಎಂದು ನೋಡಿ ಫೀಲರ್ ಗೇಜ್‌ನಲ್ಲಿ (ಸಂದು ಅಳೆಯುವ ತೆಳು ತಗಡುಗಳು) ಅಳೆಯಿರಿ. ಪ್ಲಗ್ ತಲೆಗೆ ಒಂದು ಗೇಣು ರಬ್ಬರ್ ಪೆಟ್ರೋಲ್ ಪೈಪ್ ಸಿಕ್ಕಿಸಿ, ಅದರಿಂದಲೇ ಮೊದಲ ನಾಲ್ಕೈದು ಸುತ್ತು ತಿರುಗಿಸಿ. ಥ್ರೆಡ್ ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆ, ಸ್ಪಾನರ್ ಆದರೆ ಜಾರುವುದಿಲ್ಲ, ಕೊರೆದುಕೊಂಡು ಹೋಗುತ್ತದೆ. ಕಲಿಯಲು ಬಂದಿದ್ದ ಹುಡುಗನೊಬ್ಬ ನನ್ನ ಕಣ್ಣೆದುರಿಗೇ ಹೀಗೆ ಮಾಡಿದ. ಹೆಡ್ ಇಳಿಸಿ ಹೊಸ ಥ್ರೆಡ್ ಕೂರಿಸಬೇಕಾಯಿತು, ಗಾಡಿ ಮೂರು ದಿನ ನಿಂತಿತು. ಆ ಮೂರು ದಿನ ಬಾಡಿಗೆ ಕಳೆದುಕೊಂಡ ಓನರ್ ಮುಖ ನನಗೆ ಇವತ್ತಿಗೂ ಮರೆತಿಲ್ಲ. ತಪ್ಪು ಹುಡುಗನದಲ್ಲ, ಪೈಪ್ ವಿಷಯ ಹೇಳಿಕೊಡದ ನನ್ನದು.

ವಾಷರ್ ಇರುವ ಹೊಸ ಪ್ಲಗ್ ಕೈಯಲ್ಲಿ ಬಿಗಿಯಾದ ಮೇಲೆ ಅರ್ಧ ಸುತ್ತಿನಿಂದ ಸುತ್ತಿನ ಮೂರರಲ್ಲಿ ಎರಡು ಭಾಗದವರೆಗೆ ಸಾಕು. ಟಾರ್ಕ್ ವ್ರೆಂಚ್ (ಬಿಗಿತ ಅಳೆಯುವ ಸ್ಪಾನರ್) ಇದ್ದರೆ ಕೈಪಿಡಿಯ ಅಂಕಿಗೇ ನಿಲ್ಲಿಸಿ. ಕಾಯಿಲ್‌ನ ರಬ್ಬರ್ ಬೂಟ್ ಸೀಳಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಕಿಡಿ ಪಿಂಗಾಣಿ ಮೇಲಿಂದ ಹೊರಗೆ ಹಾರುತ್ತದೆ.

ಆಮೇಲೂ ಜರ್ಕ್ ನಿಲ್ಲದಿದ್ದರೆ ಗ್ಯಾಸ್ ಫಿಲ್ಟರ್ ನೋಡಿ. ಬಳಿಕ ಟ್ಯಾಪೆಟ್ ಗ್ಯಾಪ್ (ವಾಲ್ವ್ ತಳ್ಳುವ ಭಾಗದ ಸಂದು) ಮತ್ತು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ). ಗ್ಯಾಸ್‌ನಲ್ಲಿ ಓಡುವ ಇಂಜಿನ್‌ನಲ್ಲಿ ವಾಲ್ವ್ ಸೀಟ್ ಬೇಗ ಸವೆಯುತ್ತದೆ, 1,40,000 ಕಿ.ಮೀ. ಆಗಿರುವುದರಿಂದ ಈಗ ಅಳತೆ ಮಾಡಿಸುವುದು ಒಳ್ಳೆಯದೇ. ಇಷ್ಟಾದ ಮೇಲೂ ಸರಿಯಾಗದಿದ್ದರೆ ಮಾತ್ರ ಕಿಟ್ ಕಡೆ ಹೋಗಿ. ಗಾಡಿಗೆ ಎಂಟು ವರ್ಷ ದಾಟಿರುವುದರಿಂದ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಬರುತ್ತದೆ ಅಲ್ವಾ, ಸಿಎನ್‌ಜಿ ಸಿಲಿಂಡರ್‌ನ ಮೂರು ವರ್ಷದ ಟೆಸ್ಟ್ ಪ್ಲೇಟ್ ಮೇಲಿನ ದಿನಾಂಕವನ್ನೂ ಅದರ ಜೊತೆಗೇ ನೋಡಿಕೊಳ್ಳಿ.

ಪ್ರಶ್ನೆ: ನಾವಿರುವುದು ಮಡಿಕೇರಿಯಲ್ಲಿ. ಹಳೇ ಡೀಸೆಲ್ ಮಿನಿ ಟ್ರಕ್ ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ. ಸ್ಪಾರ್ಕ್ ಪ್ಲಗ್ ಬದಲಿಸಬೇಕಾ?

ಉತ್ತರ: ಡೀಸೆಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಒತ್ತಿದ ಗಾಳಿಯ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ನಿಮ್ಮದರಲ್ಲಿ ಇರುವುದು ಹೀಟರ್ ಪ್ಲಗ್ ಇರಬೇಕು, ಚಳಿಯಲ್ಲಿ ಒಳಗೆ ಬಿಸಿ ಮಾಡಿಕೊಡುವುದಷ್ಟೇ ಅದರ ಕೆಲಸ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ಕಡೆ ಯಾರನ್ನಾದರೂ ನಿಲ್ಲಿಸಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಹೀಟರ್ ಪ್ಲಗ್ ಅಥವಾ ಬ್ಯಾಟರಿ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಬರುತ್ತಿಲ್ಲ. ಫಿಲ್ಟರ್ ಕೆಳಗಿನ ತಿರುಪು ಸಡಿಲಿಸಿ ನೀರು ಬಸಿಯಿರಿ, ಪೈಪ್‌ನಲ್ಲಿ ಗಾಳಿ ಹೊಕ್ಕಿದೆಯಾ ನೋಡಿ. ಡ್ಯಾಶ್‌ಬೋರ್ಡ್‌ನ ಹೀಟರ್ ದೀಪ ಆರುವವರೆಗೂ ಕಾಯಿರಿ. ಏರ್ ಫಿಲ್ಟರ್‌ಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಲು ಮಾತ್ರ ಬಿಡಬೇಡಿ. ಕಾದ ಹೀಟರ್ ಪ್ಲಗ್‌ಗೆ ಅದು ತಗುಲಿದರೆ ಹೊತ್ತಲ್ಲದ ಹೊತ್ತಲ್ಲಿ ಸಿಡಿದು ಪಿಸ್ಟನ್ ಒಡೆಯಬಹುದು.

ಪ್ರಶ್ನೆ: ಹಳೇ ಪ್ಲಗ್ ಉಜ್ಜಿ ಮತ್ತೆ ಹಾಕಬಹುದಾ?

ಉತ್ತರ: ಸಾದಾ ಪ್ಲಗ್ ಆದರೆ ದಾರಿಯಲ್ಲಿ ಕೆಟ್ಟು ನಿಂತಾಗ ಮನೆ ಸೇರುವವರೆಗೆ ನಡೆಯುತ್ತದೆ. ಇರಿಡಿಯಂ ತುದಿಗೆ ಬ್ರಷ್, ಎಮರಿ ಕಾಗದ ಯಾವುದನ್ನೂ ತಾಗಿಸಬೇಡಿ. ಅದು ಸೂಜಿಯಂಥ ತೆಳು ತುದಿ, ಉಜ್ಜಿದರೆ ಹಾಳಾಗಬಹುದು.