ಬಾಯಿಗಿಂತ ಮೊದಲು ಮುಖವೇ ತಪ್ಪಾಯ್ತು ಅನ್ನುತ್ತೆ

ಎಲ್ಲರ ಮುಂದೆ ಸಣ್ಣ ತಪ್ಪಾದರೂ ಮುಖ ಕೆಂಪಾಗುತ್ತೆ, ಈ ಮುಜುಗರದಿಂದ ಯಾರಿಗೆ ಏನು ಉಪಯೋಗ ಅಂತ ಕೇಳಿದ್ದೀರಿ. ಉಪಯೋಗ ಇದೆ. ನಾನು ಅದನ್ನು ಕಂಡಿದ್ದು ಗದಗಿನಲ್ಲಿ, ಸಂಬಂಧಿಕರ ಮದುವೆ ಊಟದಲ್ಲಿ.

ಹೋಳಿಗೆ ಊಟ. ನನ್ನ ಕೈಗೆ ಕಟ್ಟಿನ ಸಾರಿನ ಬಕೆಟ್ ಕೊಟ್ಟಿದ್ದರು. ಅವಸರದಲ್ಲಿ ಬಗ್ಗಿ ಬಡಿಸುವಾಗ ಕೈ ಜಾರಿ ಅರ್ಧ ಸೌಟು ಸಾರು ಒಬ್ಬ ಅಜ್ಜನ ಬಿಳಿ ಧೋತರದ ಮೇಲೆ ಚೆಲ್ಲಿತು. ನಾಲಿಗೆ ಕಚ್ಚಿಕೊಂಡೆ, ಕಿವಿ ಬಿಸಿಯಾದವು, ಬಾಯಿಂದ ಮಾತೇ ಹೊರಡಲಿಲ್ಲ. ಅಜ್ಜ ನನ್ನ ಮುಖ ನೋಡಿದರು. "ಇರ್ಲಿ ಬಿಡ ತಮ್ಮಾ, ತೊಳದ್ರ ಹೋಗತೈತಿ. ಇನ್ನೊಂದ್ ಸೌಟ ಎಲಿಗೆ ಹಾಕು" ಅಂದರು.

ಸ್ವಲ್ಪ ಹೊತ್ತಿಗೆ ಅದೇ ಪಂಕ್ತಿಯಲ್ಲಿ ಒಬ್ಬ ಹುಡುಗ ಫೋನಿನಲ್ಲಿ ಮಾತಾಡುತ್ತಾ ಯಾರದೋ ಎಲೆಯ ಅಂಚು ತುಳಿದು, ತಿರುಗಿ ಕೂಡ ನೋಡದೆ ಹೋದ. ಒಂದು ಹನಿಯೂ ಚೆಲ್ಲಲಿಲ್ಲ. ಆದರೂ "ನಾಚಿಗಿ ಅನ್ನೂದು ಬ್ಯಾಡೇನು?" ಅನ್ನುವ ಮಾತು ಎಲೆಅಡಿಕೆ ಹಾಕಿಕೊಳ್ಳುವವರೆಗೂ ನಡೆಯಿತು.

ನಷ್ಟ ಮಾಡಿದ್ದು ನಾನು, ಬೈಸಿಕೊಂಡಿದ್ದು ಅವನು. ಯಾಕಂದ್ರೆ ನನಗೆ ರೀತಿ ಗೊತ್ತು, ತಪ್ಪು ಮಾಡಿದೆ, ನಿಮ್ಮ ಮೇಲೆ ಮರ್ಯಾದೆ ಇದೆ ಅನ್ನೋದು ಅಜ್ಜನಿಗೆ ನನ್ನ ಮುಖದಲ್ಲೇ ಕಂಡಿತ್ತು. 1982ರಲ್ಲಿ ಸೆಮಿನ್ ಮತ್ತು ಮ್ಯಾನ್‌ಸ್ಟೆಡ್ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿದ್ದರು. ಸೂಪರ್ ಮಾರ್ಕೆಟ್‌ನಲ್ಲಿ ಒಬ್ಬ ಟಾಯ್ಲೆಟ್ ಪೇಪರ್ ರಾಶಿ ಬೀಳಿಸುವ ದೃಶ್ಯ ತೋರಿಸಿದರು. ಬೀಳಿಸಿ ಮುಜುಗರ ಪಟ್ಟವನೇ, ಏನೂ ಆಗದವನ ಹಾಗೆ ಇದ್ದವನಿಗಿಂತ ನೋಡಿದವರಿಗೆ ಜಾಸ್ತಿ ಇಷ್ಟವಾದ.

ಮಾತಿಗಿಂತ ಮುಖವನ್ನು ಜನ ಯಾಕೆ ನಂಬುತ್ತಾರೆ? ಡಾರ್ವಿನ್ 1872ರಲ್ಲೇ ಗಮನಿಸಿದ್ದ: ಕಚಗುಳಿ ಇಟ್ಟು ನಗಿಸಬಹುದು, ಪೆಟ್ಟು ಕೊಟ್ಟು ಅಳಿಸಬಹುದು, ಆದರೆ ಮೈ ಮುಟ್ಟಿ ಯಾರ ಮುಖವನ್ನೂ ನಾಚಿಕೆಯಿಂದ ಕೆಂಪು ಮಾಡೋಕಾಗಲ್ಲ, ಅದಕ್ಕೆ ಮನಸ್ಸಿಗೇ ತಟ್ಟಬೇಕು. ಬೇಕು ಅಂದಾಗ ಬರಿಸಿಕೊಳ್ಳೋಕೂ ಆಗಲ್ಲ, ಅಲ್ವಾ? "ಸಾರಿ" ಅಂತ ಸುಮ್ನೆ ಬಾಯಿಮಾತಿಗೆ ಹೇಳಬಹುದು, ಕಿವಿ ಬಿಸಿಯಾಗೋದು ಹಾಗಲ್ಲ.

ಒಂದು ಮಾತು. ಬೇಕಂತಲೇ ಯಾರಾದರೂ ನಾಲ್ಕು ಜನರ ಮುಂದೆ ನಿಮ್ಮ ತಲೆ ತಗ್ಗಿಸಿದರೆ ಅದು ಅವಮಾನ, ಅದನ್ನು ಸಹಿಸಿಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ನಿಮ್ಮದು ಹಾಗಲ್ಲ. ಮುಖ ಕೆಂಪಾದರೆ ಆಗಲಿ, ಅಲ್ಲಿಂದ ಓಡಿಹೋಗಬೇಡಿ, ಚೆಲ್ಲಿದ್ದನ್ನು ಒರೆಸಿ.

ಅವತ್ತು ಹೊರಡುವಾಗ ಅದೇ ಅಜ್ಜ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಊರು, ಯಾರ ಮಗ ಅಂತ ವಿಚಾರಿಸಿದರು. ಧೋತರದ ಮೇಲೆ ಸಾರಿನ ಕಲೆ ಇನ್ನೂ ಹಾಗೇ ಇತ್ತು.