ಹತ್ತು ವರ್ಷ ಕಾಯಿಸಿದ ಅಂಚೆಯಣ್ಣ

ಪತ್ರ: ಕಳೆದ ಸಂಚಿಕೆಯಲ್ಲಿ ವೇಯ್ನ್ ಹೆಂಡರ್ಸನ್ ಎಂಬ ಅಮೆರಿಕದ ಗಿಟಾರ್ ತಯಾರಕರ ಬಗ್ಗೆ ಎರಡು ಪುಟ ಬರೆದಿದ್ದೀರಿ. ಬ್ರಿಟನ್ನಿನ ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ರಂಥ ಕಲಾವಿದರನ್ನು ಹತ್ತು ವರ್ಷ ಕಾಯಿಸಿದ್ದೇ ದೊಡ್ಡ ಸಾಧನೆ ಎಂಬಂತೆ ಹೊಗಳಿದ್ದೀರಿ. ಹೇಳಿದ ಹೊತ್ತಿಗೆ ಕೆಲಸ ಮುಗಿಸದ ಬಡಗಿಯನ್ನು ನಮ್ಮ ಕಡೆ ಯಾರೂ ಹೊಗಳುವುದಿಲ್ಲ. ಅದು ದುರಹಂಕಾರ, ಇಲ್ಲವೇ ಸೋಮಾರಿತನ. ಕಾರ್ಖಾನೆ ಕಟ್ಟಲಿಲ್ಲ, ಕಂಪನಿ ಮಾಡಲಿಲ್ಲ. ಇಂಥವರು ಮುಂದಿನವರಿಗೆ ಬಿಡುವುದಾದರೂ ಏನನ್ನು? ಇನ್ನು, ಒಳ್ಳೆಯ ಗಿಟಾರಿನ ಬೆನ್ನಿಗೆ ಹಾಕುವುದು ನಮ್ಮ ಬೀಟೆಯನ್ನು. ನಮ್ಮದೇ ತೋಟದ ಬೀಟೆಯನ್ನು ನಾವು ಮುಟ್ಟುವ ಹಾಗಿಲ್ಲ, ಅವರು ಅದರಲ್ಲಿ ಡಾಲರ್ ಎಣಿಸುತ್ತಾರೆ. ಕೊನೆಯದಾಗಿ, 12ನೇ ಪುಟದ ಚಿತ್ರದಲ್ಲಿರುವುದು ಗಿಟಾರ್ ಅಲ್ಲ, ಬ್ಯಾಂಜೊ. ಗಿಟಾರ್ ಕಲಿಯುತ್ತಿರುವ ನನ್ನ ಮೊಮ್ಮಗ ತೋರಿಸಿಕೊಟ್ಟ. ಅವನಿಗೆ ಅಂಥದೊಂದು ಗಿಟಾರ್ ಬೇಕಂತೆ, ಹೇಗೆ ತರಿಸುವುದು?
— ಓದುಗರು, ಸಕಲೇಶಪುರ

ಮಾನ್ಯರೇ,

ಬ್ಯಾಂಜೊದಿಂದಲೇ ಶುರುಮಾಡುತ್ತೇನೆ. ನಿಮ್ಮ ಮೊಮ್ಮಗ ಹೇಳಿದ್ದು ಸರಿ. ದುಂಡನೆಯ ಬಳೆಗೆ ತಮಟೆಯ ಹಾಗೆ ಚರ್ಮ ಬಿಗಿದ ವಾದ್ಯವನ್ನು ಗಿಟಾರ್ ಎಂದು ಅಚ್ಚು ಹಾಕಿದ್ದೇವೆ. ಅಡಿಬರಹ ಬರೆದವರು ಯಾರು ಎಂದು ಕಚೇರಿಯಲ್ಲಿ ವಿಚಾರಣೆ ನಡೆಸಿದೆ, ಬರೆದದ್ದು ನಾನೇ.

ಆದರೆ ಆ ಲೇಖನದಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದಿದೆ, ನೀವು ಅದನ್ನು ಎತ್ತಲಿಲ್ಲ. ಹೆಂಡರ್ಸನ್ ಗಿಟಾರ್ ಮಾಡುವ ಬಗೆಯನ್ನು ಎರಡು ಪುಟ ಬರೆದ ನಾವು, ಅವರು ಗಿಟಾರ್ ನುಡಿಸುತ್ತಾರೆ ಎಂಬುದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟೆವು. ಅವರು ಜನರನ್ನು ಕಾಯಿಸಿದ್ದು ನಿಮಗೆ ದುರಹಂಕಾರದಂತೆ ಕಂಡಿದ್ದರೆ ಅದಕ್ಕೆ ಅರ್ಧ ಕಾರಣ ನಾವು.

ವರ್ಜೀನಿಯಾ ರಾಜ್ಯದ ನೈಋತ್ಯ ಮೂಲೆಯಲ್ಲಿ, ಇನ್ನೇನು ನಾರ್ತ್ ಕ್ಯಾರೊಲಿನಾ ಬಂತು ಎನ್ನುವಲ್ಲಿ, ಗ್ರೇಸನ್ ಕೌಂಟಿ ಎಂಬ ಗುಡ್ಡಗಾಡು ಇದೆ. ಅದರಲ್ಲಿ ರಗ್ಬಿ ಎಂಬ ಹಳ್ಳಿ. ಹಳ್ಳಿ ಎನ್ನುವುದೂ ಉದಾರವಾದ ಮಾತೇ. ಜನಸಂಖ್ಯೆ ಏಳು ಎಂದು ಬರೆಯುವುದು ರೂಢಿ. ಹೆಂಡರ್ಸನ್ ಹುಟ್ಟಿದ್ದು ಅಲ್ಲಿ, 1947ರಲ್ಲಿ. ಅಂಚೆ ಹಂಚುವ ಕೆಲಸ ಹಿಡಿದು ಮೂವತ್ತು ವರ್ಷಕ್ಕೂ ಮಿಕ್ಕಿ ಮಾಡಿ ನಿವೃತ್ತರಾದದ್ದೂ ಆ ಸೀಮೆಯಲ್ಲೇ. ಗಿಟಾರ್ ಕೆಲಸ ಏನಿದ್ದರೂ ಕಾಗದ ಹಂಚಿ ಮುಗಿದ ಮೇಲೆ.

ಆ ಗುಡ್ಡಗಳಲ್ಲಿ ಸಂಗೀತ ಮನೆಯಂಗಳದ್ದು. ಪಿಟೀಲು, ಬ್ಯಾಂಜೊ, ರಾತ್ರಿಯೆಲ್ಲ ಕುಣಿತ. ಬ್ಲೂಗ್ರಾಸ್ ಎಂಬುದು ಈ ಹಳೆಯ ಸಂಗೀತಕ್ಕೆ ವೇದಿಕೆಯ ಮೇಲೆ ಹುಟ್ಟಿದ ಕೂಸು. ಕೆಂಟಕಿಯ ಬಿಲ್ ಮನ್ರೋ ತಮ್ಮ ತವರು ರಾಜ್ಯದ ಬ್ಲೂಗ್ರಾಸ್ ಎಂಬ ಅಡ್ಡಹೆಸರನ್ನು ತಂಡಕ್ಕೆ ಇಟ್ಟು 1939ರಲ್ಲಿ ನ್ಯಾಶ್ವಿಲ್‌ನ ರೇಡಿಯೊ ವೇದಿಕೆ ಏರಿದರು. 1945ರ ಕೊನೆಗೆ ಅರ್ಲ್ ಸ್ಕ್ರಗ್ಸ್ ಮೂರು ಬೆರಳುಗಳಲ್ಲಿ ಸುರಿಮಳೆಯಂತೆ ಬ್ಯಾಂಜೊ ನುಡಿಸುತ್ತಾ ಬಂದು ಸೇರಿದ ಮೇಲೆ ಅದಕ್ಕೊಂದು ಖಚಿತ ರೂಪ ಬಂತು. ಡ್ರಮ್ ಇಲ್ಲ, ವಿದ್ಯುತ್ ವಾದ್ಯಗಳಿಲ್ಲ. ನಮ್ಮ ಕಚೇರಿಗಳ ತನಿಯಾವರ್ತನದಂತೆ ಒಬ್ಬೊಬ್ಬರಿಗೂ ಒಂದು ಸರದಿ, ಆದರೆ ಅರ್ಧ ನಿಮಿಷದ್ದು. ಹಾಗಾಗಿ ವಾದ್ಯದ ಕಂಠವೇ ಎಲ್ಲ. ಮನ್ರೋ ಅವರ ಮ್ಯಾಂಡೊಲಿನ್‌ಗೆ ಅವರಷ್ಟೇ ದೊಡ್ಡ ಚರಿತ್ರೆಯಿದೆ. ಗಿಬ್ಸನ್ ಕಂಪನಿಯ ಲಾಯ್ಡ್ ಲೋರ್ 1923ರ ಜುಲೈ 9ರಂದು ಸಹಿ ಮಾಡಿದ ಆ ವಾದ್ಯವನ್ನು ಮನ್ರೋ ಕೊಂಡದ್ದು ಮಯಾಮಿಯ ಒಂದು ಕ್ಷೌರದಂಗಡಿಯಲ್ಲಿ, 150 ಡಾಲರ್‌ಗೆ. 1985ರಲ್ಲಿ ಯಾರೋ ಅವರ ಮನೆಗೆ ನುಗ್ಗಿ ಅದನ್ನು ಚೂರುಚೂರು ಮಾಡಿದರು. ಚಾರ್ಲಿ ಡೆರಿಂಗ್ಟನ್ ಎಂಬ ಕುಶಲಿ ಕಡ್ಡಿಯಷ್ಟು ಸಣ್ಣ ಚೂರುಗಳನ್ನೂ ಆಯ್ದು ಜೋಡಿಸಿ ಮತ್ತೆ ನುಡಿಯುವಂತೆ ಮಾಡಿದರು. ವಾದ್ಯ ಮಾಡುವವನಿಗೆ ಆ ಲೋಕದಲ್ಲಿ ಯಾಕಷ್ಟು ಮರ್ಯಾದೆ ಎಂಬುದು ಇದರಿಂದ ತಿಳಿಯಬಹುದು.

ಗಿಟಾರ್ ಮಾತ್ರ ಬಹುಕಾಲ ಹಿಂದಿನ ಸಾಲಿನಲ್ಲೇ ಇತ್ತು, ತಾಳ ಹಿಡಿಯುವುದಷ್ಟೇ ಅದರ ಕೆಲಸ. ಡಾಕ್ ವಾಟ್ಸನ್ ಎಂಬ ಅಂಧ ವಾದಕರು ಪಿಟೀಲಿನ ಮಟ್ಟುಗಳನ್ನು ಗಿಟಾರಿನ ಮೇಲೆ ಹಾಗೆ ಹಾಗೆಯೇ ಇಳಿಸಿ ಅದನ್ನು ಮುಂದೆ ತಂದರು. ಹೆಂಡರ್ಸನ್ ನುಡಿಸುವುದೂ ಪಿಟೀಲಿನ ಮಟ್ಟುಗಳನ್ನೇ, ಆದರೆ ವಾಟ್ಸನ್‌ರಂತೆ ಒಂದು ಮೀಟುಕಡ್ಡಿ ಹಿಡಿದು ಅಲ್ಲ; ಹೆಬ್ಬೆರಳಿಗೊಂದು, ಬೆರಳುಗಳಿಗೆ ಒಂದೊಂದು ನಖ ತೊಟ್ಟು. ಇದನ್ನು ಕಲಿತದ್ದು ಊರಿನಲ್ಲೇ ಅಂಗಡಿ ಇಟ್ಟುಕೊಂಡಿದ್ದ ಇ. ಸಿ. ಬಾಲ್ ಅವರಿಂದ. ಬಾಲ್ ಬಳಿ ಮಾರ್ಟಿನ್ ಕಂಪನಿಯ ಒಂದು ಗಿಟಾರ್ ಇತ್ತು. ಅಂಥದ್ದು ತನಗೂ ಬೇಕೆಂದು ಹುಡುಗನಿಗೆ ಆಸೆ, ಕೊಳ್ಳಲು ಕಾಸಿಲ್ಲ.

ಆಗ ಅವನು ಮಾಡಿದ್ದನ್ನು ಕೇಳಿ. ಮನೆಯ ಕಪಾಟಿನ ಡ್ರಾಯರ್ ಎಳೆದು ಅದರ ತಳದ ಹಲಗೆಯನ್ನು ಕಿತ್ತ. ನೀರಿನಲ್ಲಿ ನೆನೆಹಾಕಿ ಪದರ ಪದರವಾಗಿ ಬಿಡಿಸಿದ. ಆ ತೆಳು ಹಾಳೆಗಳನ್ನು ಬಾಗಿಸಿ, ಕಾರಿನ ಬಾಗಿಲಿಗೆ ರಬ್ಬರ್ ಪಟ್ಟಿ ಅಂಟಿಸುವ ಕರಿ ಗೋಂದು ಹಚ್ಚಿ, ಗಿಟಾರಿನ ಒಡಲು ಕಟ್ಟಿದ. ಬಿಸಿಲಿನ ದಿನವೊಂದು ಬಂತು, ಗೋಂದು ಮೆತ್ತಗಾಯಿತು, ಎಲ್ಲ ಬದಿಗಳೂ ಬಾಯಿ ಬಿಟ್ಟವು. ಡ್ರಾಯರ್ ಹಾಳಾದದ್ದಕ್ಕೆ ಬೈಯುವ ಬದಲು ಅಪ್ಪ ಮಗನನ್ನು ಆಲ್ಬರ್ಟ್ ಹ್ಯಾಶ್ ಎಂಬವರ ಬಳಿಗೆ ಕರೆದುಕೊಂಡು ಹೋದರು. ಇಡೀ ಕಥೆ ತಿರುಗುವುದು ಇಲ್ಲಿ ಎಂದು ನನ್ನ ಎಣಿಕೆ. ಕ್ಲಾಪ್ಟನ್ ಗಿಟಾರ್ ಕೇಳಿದಾಗ ಅಲ್ಲ.

ಹ್ಯಾಶ್ ಪಿಟೀಲು ನುಡಿಸುತ್ತಿದ್ದರು, ಪಿಟೀಲು ಮಾಡುತ್ತಲೂ ಇದ್ದರು. ಬಾಯಿ ಬಿಟ್ಟ ಆ ಗಿಟಾರನ್ನು ನೋಡಿ ಅವರು ನಗಲಿಲ್ಲ. ಎಂಥ ಮರ, ಎಂಥ ಅಂಟು ಎಂದು ಹೇಳಿಕೊಟ್ಟರು, ಬೆನ್ನು ತಟ್ಟಿದರು. ಹುಡುಗ ಮತ್ತೆ ಕೂತ. ಈ ಸಲದ್ದು ಗಿಟಾರೇ ಆಯಿತು. ಮುಂದೆ ಹೆಂಡರ್ಸನ್ ಮಾಡಿದ ಏಳನೆಯ ಗಿಟಾರ್ 500 ಡಾಲರ್‌ಗೆ ಹೋಯಿತು; ಅಂಚೆ ಹಂಚುವ ಊರಿನಲ್ಲಿ ಆ ಕಾಲಕ್ಕೆ ಅದು ನಂಬಲಾಗದ ಹಣ.

ಈಗ ನಿಮ್ಮ ಬಡಗಿಯ ವಿಷಯ. ಮಂಚ ಮಾಡುವ ಬಡಗಿಗೆ ಅಳತೆ ಸಿಕ್ಕರೆ ಸಾಕು. ಗಿಟಾರಿಗೆ ಅಳತೆ ಸಾಲದು. ಮುಂಭಾಗದ ಹಲಗೆ ಸ್ಪ್ರೂಸ್ ಮರದ್ದು, ದಪ್ಪ ಸುಮಾರು ಮೂರು ಮಿಲಿಮೀಟರ್. ಬಿಗಿದ ಆರು ಉಕ್ಕಿನ ತಂತಿಗಳು ಅದರ ಮೇಲಿನ ಕುದುರೆಯನ್ನು, ಎಂದರೆ ತಂತಿ ಕಟ್ಟುವ ಮರದ ಪಟ್ಟಿಯನ್ನು, ಎಪ್ಪತ್ತು ಕಿಲೋಗೂ ಮಿಕ್ಕಿದ ಬಲದಲ್ಲಿ ಎಳೆಯುತ್ತವೆ. ಹಲಗೆ ಮುರಿಯದಿರಲಿ ಎಂದು ಒಳಗೆ ಕತ್ತರಿಯಾಕಾರದಲ್ಲಿ ಕಡ್ಡಿಗಳನ್ನು ಅಂಟಿಸುತ್ತಾರೆ. ಕಡ್ಡಿ ದಪ್ಪವಾದರೆ ಹಲಗೆ ಅಲುಗುವುದಿಲ್ಲ, ನಾದ ಮೂಕಾಗುತ್ತದೆ. ತೆಳುವಾದರೆ ನಾಲ್ಕು ವರ್ಷದಲ್ಲಿ ಹೊಟ್ಟೆ ಉಬ್ಬುತ್ತದೆ. ಹೆಂಡರ್ಸನ್ ಈ ಕಡ್ಡಿಗಳನ್ನು ಕಿಸೆಯ ಚಾಕುವಿನಿಂದ ಕೆತ್ತುತ್ತಾರೆ. ಒಂದು ತೆಳು ಚಕ್ಕೆ ತೆಗೆಯುತ್ತಾರೆ, ಹಲಗೆಯನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ, ಇನ್ನೊಂದು ಚಕ್ಕೆ ತೆಗೆಯುತ್ತಾರೆ. ಸಂತೆಯಲ್ಲಿ ಹಲಸಿನ ಹಣ್ಣು ತಟ್ಟಿ ನೋಡುವವರನ್ನು ನೀವು ಕಂಡಿದ್ದೀರಿ, ಅದೇ ಚಹರೆ. ಎಲ್ಲಿ ನಿಲ್ಲಿಸಬೇಕು ಎಂದು ಹೇಳುವುದು ಚಾಕು ಹಿಡಿದ ಕೈಯಲ್ಲ, ನುಡಿಸಿ ಪಳಗಿದ ಕಿವಿ. ಗೇಲ್ಯಾಕ್ಸ್ ಪಟ್ಟಣದ ಹಳೆಯ ಸಂಗೀತ ಮೇಳದಲ್ಲಿ ಹಲವು ಸಲ ಮೊದಲ ಬಹುಮಾನ ಗೆದ್ದ, ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಕಿವಿ ಅದು. 1995ರಲ್ಲಿ ಅಮೆರಿಕ ಸರ್ಕಾರ ಜಾನಪದ ಕಲಾವಿದರಿಗೆ ಕೊಡುವ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಅವರಿಗೆ ಬಂತು.

ಕ್ಲಾಪ್ಟನ್ ನ್ಯೂಯಾರ್ಕಿನ ಒಂದು ಸ್ಟುಡಿಯೊದಲ್ಲಿ ಬೇರೆಯವರ ಹೆಂಡರ್ಸನ್ ಗಿಟಾರ್ ನುಡಿಸಿ ನೋಡಿ, ತನಗೂ ಒಂದು ಬೇಕು ಎಂದರು. ರಗ್ಬಿಗೆ ಸುದ್ದಿ ಮುಟ್ಟಿತು. ಅಲ್ಲಿಗೆ ಬೇಕಾದಷ್ಟು ಜನರ ಕೋರಿಕೆಗಳು ಆಗಲೇ ಬಂದು ಬಿದ್ದಿದ್ದವು. ವರ್ಷಕ್ಕೆ ಕೈಯಲ್ಲಿ ಆಗುವ ಗಿಟಾರ್‌ಗಳು ಎಣಿಸುವಷ್ಟು. ಯಾರದು ಮೊದಲು ಎನ್ನಲು ಅವರ ಬಳಿ ಕ್ರಮವಾದ ಪಟ್ಟಿಯೂ ಇರಲಿಲ್ಲ. ಕಣ್ಣೆದುರು ಬಂದು ಕೂತು, ಜೊತೆಗೆ ನಾಲ್ಕು ಮಟ್ಟು ನುಡಿಸಿ, ಮತ್ತೆ ಮತ್ತೆ ನೆನಪಿಸುವವರಿಗೆ ಬೇಗ ಸಿಗುತ್ತಿತ್ತು. ಸಮುದ್ರದಾಚೆಯ ತಾರೆ ಹಿಂದೆ ಬಿದ್ದರು, ಅಷ್ಟೇ. ಕೊನೆಗೆ ಒಬ್ಬ ಪತ್ರಕರ್ತರು ಬಂದು ಪಟ್ಟು ಹಿಡಿದು ಕೂತು ಆ ಗಿಟಾರನ್ನು ಮಾಡಿಸಿದರು, ಅದನ್ನೇ ಪುಸ್ತಕವನ್ನಾಗಿಯೂ ಬರೆದರು. ಇದು ಅಹಂಕಾರವಲ್ಲ ಎಂದು ನಾನು ಒತ್ತಿ ಹೇಳಬಲ್ಲೆ. ಅವ್ಯವಸ್ಥೆ ಎಂದು ನೀವು ಕರೆದರೆ ಮಾತ್ರ ನನಗೆ ಉತ್ತರವಿಲ್ಲ.

ಕಾರ್ಖಾನೆ ಏಕೆ ಕಟ್ಟಲಿಲ್ಲ ಎಂದಿರಿ. 1833ರಲ್ಲಿ ಶುರುವಾದ ಮಾರ್ಟಿನ್ ಕಂಪನಿ ಆ ಕೆಲಸ ಮಾಡಿಯೇ ಇದೆ, ಚೆನ್ನಾಗಿಯೇ ಮಾಡಿದೆ. ಹೆಂಡರ್ಸನ್ ಹಿಂದಕ್ಕೆ ನೋಡಿದಾಗ ಕಾಣುವುದು ಹ್ಯಾಶ್. ಆ ಹ್ಯಾಶ್ ಕೂಡ ಕಂಪನಿ ಕಟ್ಟಲಿಲ್ಲ; ಕೇಳಿ ಬಂದವರಿಗೆ ಹೇಳಿಕೊಟ್ಟು 1983ರಲ್ಲಿ ತೀರಿಕೊಂಡರು. ಅವರ ಮಗಳು ಆಡ್ರಿ ವಾದ್ಯ ತಯಾರಿಕೆ ಮುಂದುವರಿಸಿದರು. ಹೆಂಡರ್ಸನ್‌ರೊಂದಿಗೆ ವರ್ಷಗಟ್ಟಲೆ ಪಿಟೀಲು ನುಡಿಸಿದ ಹೆಲೆನ್ ವೈಟ್ ಶಾಲೆಯೊಂದರಲ್ಲಿ ಮಕ್ಕಳ ಸಲಹೆಗಾರ್ತಿಯಾಗಿದ್ದರು. ಅವರು 2000ದಲ್ಲಿ ಆರಂಭಿಸಿದ, ಗುಡ್ಡಗಾಡಿನ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಬ್ಯಾಂಜೊ, ಪಿಟೀಲು, ಗಿಟಾರ್ ಕಲಿಸುವ ಕಾರ್ಯಕ್ರಮ ಇಂದು ಹಲವು ರಾಜ್ಯಗಳಿಗೆ ಹಬ್ಬಿದೆ. ಮೇರಿಯನ್ ಪಟ್ಟಣದ ಒಂದು ಹಳೆಯ ಶಾಲಾ ಕಟ್ಟಡದಲ್ಲಿ ಹೆಂಡರ್ಸನ್ ಹೆಸರಿನ ಕಲಾಶಾಲೆ ನಡೆಯುತ್ತಿದೆ. ಏನು ಬಿಟ್ಟುಹೋಗುತ್ತಾರೆ ಎಂದಿರಲ್ಲ, ಇವೇ. ನೂರಾರು ಗಿಟಾರ್‌ಗಳು ಇದ್ದೇ ಇವೆ.

ಬೀಟೆಯ ಬಗ್ಗೆ ನಿಮ್ಮ ಮಾತು ಅರ್ಧ ಸರಿ. ಕ್ಲಾಪ್ಟನ್ ಗಿಟಾರಿನ ಬೆನ್ನಿಗೆ ಹಾಕಿದ್ದು ನಮ್ಮ ಬೀಟೆಯಲ್ಲ, ಅದರ ದಾಯಾದಿಯಾದ ಬ್ರೆಜಿಲ್ ಮರ. ಹಳೆಯ ಮಾರ್ಟಿನ್‌ಗಳಲ್ಲಿ ಇದ್ದದ್ದೂ ಅದೇ. ಬ್ರೆಜಿಲ್ ತನ್ನ ದಿಮ್ಮಿಗಳನ್ನು ಹೊರಗೆ ಕಳಿಸುವುದಕ್ಕೆ ತಡೆ ಹಾಕಿದ ಮೇಲೆ, 1969ರ ಹೊತ್ತಿಗೆ, ಮಾರ್ಟಿನ್ ಕಂಪನಿ ನಮ್ಮ ಬೀಟೆಗೆ ತಿರುಗಿತು. ಅಲ್ಲಿಂದಾಚೆಗೆ ಜಗತ್ತಿನ ಎಷ್ಟೋ ಗಿಟಾರ್‌ಗಳ ಬೆನ್ನು ಪಶ್ಚಿಮಘಟ್ಟದ್ದು. ಬ್ರೆಜಿಲ್ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ 1992ರಲ್ಲಿ ಬೀಗ ಬಿತ್ತು. 2017ರಲ್ಲಿ ಬೀಟೆಯೂ ಸೇರಿ ಇಡೀ ಕುಲವೇ ಪರವಾನಗಿಯ ಪಟ್ಟಿಗೆ ಬಂತು. ವಾದಕರು ಗಡಿ ದಾಟುವಾಗ ಪಟ್ಟ ಪಾಡು ನೋಡಿ 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ತೋಟದ ಬೀಟೆಗೆ ವಿನಾಯಿತಿ ಕೊಡಿಸುವಷ್ಟು ಪ್ರಭಾವ ಪತ್ರಿಕೆಯ ಸಂಪಾದಕನಿಗೆ ಇಲ್ಲ, ಕ್ಷಮಿಸಬೇಕು.

ನಿಮಗೆ ಇಷ್ಟವಾಗಬಹುದಾದ ಒಂದು ಸಂಗತಿ ಇಲ್ಲೇ ಇದೆ. ಹೆಂಡರ್ಸನ್ ಮಗಳು ಜೇನ್ ಪರಿಸರ ಕಾನೂನು ಓದಿದವರು. ಓದಿನ ಸಾಲ ತೀರಿಸಲು ಒಂದು ಗಿಟಾರ್ ಮಾಡಿಕೊಡು, ಮಾರುತ್ತೇನೆ ಎಂದು ಅಪ್ಪನನ್ನು ಕೇಳಿದರು. ನೀನೇ ಮಾಡು, ನಾನು ತೋರಿಸುತ್ತೇನೆ ಎಂದರು ಅಪ್ಪ. ಸಾಲಕ್ಕೆಂದು ಹಿಡಿದ ಉಳಿಯನ್ನು ಜೇನ್ ಆಮೇಲೆ ಕೆಳಗಿಡಲಿಲ್ಲ. ಆದರೆ ಅಪ್ಪನಿಗೆ ಬ್ರೆಜಿಲ್ ಮರದ ಮೋಹ, ಮಗಳು ಆರಿಸಿದ್ದು ತಮ್ಮ ಗುಡ್ಡದಲ್ಲೇ ಬೆಳೆಯುವ ವಾಲ್ನಟ್, ಓಕ್‌ನಂಥ ಮರಗಳನ್ನು. ದೂರದ ಕಾಡಿನ ಮರವಿಲ್ಲದೆಯೂ ಗಿಟಾರ್ ಹಾಡುತ್ತದೆ ಎಂದು ಅವರ ವಾದ. ಒಂದೇ ಷೆಡ್ಡಿನಲ್ಲಿ, ಒಂದೇ ಬೆಂಚಿನ ಎರಡು ಕಡೆ ಕೂತು ಇಬ್ಬರೂ ಇದನ್ನು ಒಪ್ಪದೆ ಕೆಲಸ ಮಾಡುವುದನ್ನು ಊಹಿಸಿಕೊಂಡರೆ ನನಗೆ ಖುಷಿಯಾಗುತ್ತದೆ.

ಉಳಿದದ್ದು ಮೊಮ್ಮಗನ ಗಿಟಾರ್. ದುಡ್ಡು ಕಳಿಸಿ ತರಿಸುವ ಆಸೆ ಬಿಡಿ, ಕ್ಲಾಪ್ಟನ್‌ಗೇ ಆಗಲಿಲ್ಲ. ಇನ್ನೊಂದು ದಾರಿ ಇದೆ. 1995ರಿಂದ ರಗ್ಬಿಯ ಹತ್ತಿರದ ಗ್ರೇಸನ್ ಹೈಲ್ಯಾಂಡ್ಸ್ ಉದ್ಯಾನದಲ್ಲಿ, ಜೂನ್ ತಿಂಗಳ ಮೂರನೆಯ ಶನಿವಾರ, ಹೆಂಡರ್ಸನ್ ಹೆಸರಿನ ಸಂಗೀತೋತ್ಸವ ನಡೆದುಕೊಂಡು ಬಂದಿದೆ. ಅಲ್ಲಿ ಗಿಟಾರ್ ಸ್ಪರ್ಧೆ ಇರುತ್ತದೆ. ಗೆದ್ದವರಿಗೆ ಬಹುಮಾನ, ಹೆಂಡರ್ಸನ್ ಕೈಯಾರೆ ಮಾಡಿದ ಗಿಟಾರ್. ಗಿಟಾರಿನಲ್ಲಿ ಪಿಟೀಲಿನ ಎರಡು ಮಟ್ಟು ನುಡಿಸಿ ಗೆದ್ದರೆ ಸಾಕು, ಹತ್ತು ವರ್ಷ ಕಾಯಬೇಕಿಲ್ಲ. ಬ್ಯಾಂಜೊಗೂ ಗಿಟಾರಿಗೂ ಇರುವ ವ್ಯತ್ಯಾಸ ಗೊತ್ತಿರುವ ಹುಡುಗ. ಈ ಕಚೇರಿಯವರೆಲ್ಲರಿಗಿಂತ ಅವನು ಆಗಲೇ ಒಂದು ಹೆಜ್ಜೆ ಮುಂದಿದ್ದಾನೆ.

— ಸಂಪಾದಕ