ಕ್ಯಾಡ್ ಪಾಠದ ರೆಕಾರ್ಡಿಂಗ್ ಜರ್ಕ್ ಹೊಡೆಯುತ್ತಿದೆ, ಪ್ರೊಸೆಸರ್ ಬದಲಿಸಬೇಕಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗ ಹತ್ತಿರ ಆಟೋಕ್ಯಾಡ್, ಸಾಲಿಡ್‌ವರ್ಕ್ಸ್ (ಕಂಪ್ಯೂಟರಿನಲ್ಲಿ ಡ್ರಾಯಿಂಗ್, ಡಿಸೈನ್ ಮಾಡುವ ಕ್ಯಾಡ್ ಸಾಫ್ಟ್‌ವೇರ್) ಕ್ಲಾಸ್ ನಡೆಸುತ್ತೇನೆ. ವಿಟಿಯು ಹುಡುಗರೇ ಜಾಸ್ತಿ, ಫೌಂಡ್ರಿ ಕೆಲಸ ಮುಗಿಸಿ ಸಂಜೆ ಬರುವವರೂ ಇದ್ದಾರೆ. ಕ್ಲಾಸ್ ತಪ್ಪಿದವರಿಗೆ ಪಾಠ ರೆಕಾರ್ಡ್ ಮಾಡಿ ಕೊಡೋಣ ಅಂತ 4ಕೆ ಮಾನಿಟರ್ ತಂದೆ. ಓಬಿಎಸ್ ಅನ್ನೋ ಸ್ಕ್ರೀನ್ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿದರೆ ವಿಡಿಯೋ ಜರ್ಕ್ ಹೊಡೆಯುತ್ತದೆ, ಕೆಂಪು ಗೆರೆಗಳು ಮಸುಕಾಗಿ ಕಾಣುತ್ತವೆ. ನನ್ನ ಸಿಸ್ಟಂ ಐ5-10400ಎಫ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, ಜಿಟಿ 1030 ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್. ಐ7 ಮತ್ತು ಎಸ್‌ಎಸ್‌ಡಿ ಹಾಕಿಸಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಲಾ ಸರ್?

ಉತ್ತರ: ಐ7ಗೆ ದುಡ್ಡು ಹಾಕಬೇಡಿ. ನಿಮ್ಮ ಪ್ರೊಸೆಸರ್ ಕೆಟ್ಟದ್ದಲ್ಲ, ಅದರ ಕೆಲಸವಲ್ಲದ್ದನ್ನು ಅದರ ತಲೆ ಮೇಲೆ ಹೊರಿಸಿದ್ದೀರಿ, ಅಷ್ಟೇ.

4ಕೆ ಅಂದರೆ 3840×2160, ಸುಮಾರು 83 ಲಕ್ಷ ಪಿಕ್ಸೆಲ್. ಇದು 1080ಪಿಯ (1920×1080) ನಾಲ್ಕು ಪಟ್ಟು. ಕುಗ್ಗಿಸದೆ ಹಾಗೇ ಬರೆದಿಟ್ಟರೆ ಒಂದು ಫ್ರೇಮಿಗೆ ಹತ್ತಿರ ಹತ್ತಿರ 25 ಎಂಬಿ, ಸೆಕೆಂಡಿಗೆ 30 ಫ್ರೇಮ್ ಅಂದರೂ 750 ಎಂಬಿ ಆಗುತ್ತದೆ. ಅದನ್ನು ಆ ಕ್ಷಣದಲ್ಲೇ ಹಿಂಡಿ ಚಿಕ್ಕದು ಮಾಡಬೇಕು. ಈ ಹಿಂಡುವ ಕೆಲಸಕ್ಕೇ ಅಂತ ಪ್ರತ್ಯೇಕ ಸರ್ಕ್ಯೂಟ್ ಇರುತ್ತದೆ: ಎನ್ವಿಡಿಯಾ ಕಾರ್ಡುಗಳಲ್ಲಿ ಎನ್‌ವೆಂಕ್ (2012ರಿಂದ), ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ (2011ರಿಂದ).

ಈಗ ನಿಮ್ಮ ಸಿಸ್ಟಂ ನೋಡಿ. 10400ಎಫ್‌ನ ಕೊನೆಯ ಆ 'ಎಫ್' ಇದೆಯಲ್ಲ, ಒಳಗೆ ಗ್ರಾಫಿಕ್ಸ್ ಇಲ್ಲ ಅಂತ ಅದರ ಅರ್ಥ. ಗ್ರಾಫಿಕ್ಸ್ ಇಲ್ಲ ಅಂದಮೇಲೆ ಕ್ವಿಕ್ ಸಿಂಕ್ ಕೂಡ ಇಲ್ಲ. ಜಿಟಿ 1030ರಲ್ಲಿ ಎನ್‌ವೆಂಕ್ ಇಲ್ಲ. ಹಾಗಾಗಿ ಓಬಿಎಸ್‌ಗೆ ಬೇರೆ ದಾರಿಯೇ ಇಲ್ಲದೆ ಎಕ್ಸ್264 ಅನ್ನೋ ಸಾಫ್ಟ್‌ವೇರ್ ಎನ್ಕೋಡರ್‌ಗೆ (ಎನ್ಕೋಡರ್ ಅಂದರೆ ವಿಡಿಯೋ ಹಿಂಡುವಂಥದ್ದು) ಹೋಗಿದೆ. ಪೂರ್ತಿ ಭಾರ ಪ್ರೊಸೆಸರ್ ಮೇಲೆ, ಅದೇ ಪ್ರೊಸೆಸರ್ ಮೇಲೆ ಸಾಲಿಡ್‌ವರ್ಕ್ಸ್ ಕೂಡ ಕೂತಿದೆ. ಜರ್ಕ್ ಹೊಡೆಯದೆ ಇನ್ನೇನಾಗುತ್ತದೆ?

ನನ್ನ ಮಾತು ಸುಮ್ನೆ ನಂಬಬೇಡಿ, ನೀವೇ ನೋಡಿ. ಓಬಿಎಸ್‌ನ ವ್ಯೂ ಮೆನುವಿನಲ್ಲಿ ಸ್ಟಾಟ್ಸ್ ತೆರೆದಿಟ್ಟು ಐದು ನಿಮಿಷ ರೆಕಾರ್ಡ್ ಮಾಡಿ, ಮಧ್ಯದಲ್ಲಿ ಒಂದು ಅಸೆಂಬ್ಲಿ (ಹಲವು ಭಾಗ ಜೋಡಿಸಿದ ಮಾಡೆಲ್) ತಿರುಗಿಸಿ. ಎನ್ಕೋಡಿಂಗ್ ಲ್ಯಾಗ್ ಸಾಲಿನ ಸಂಖ್ಯೆ ಏರಿದರೆ ಎನ್ಕೋಡರ್ ಸೋತಿದೆ ಅಂತ. ರೆಂಡರಿಂಗ್ ಲ್ಯಾಗ್ ಏರಿದರೆ ಗ್ರಾಫಿಕ್ಸ್ ಕಾರ್ಡಿಗೆ ಉಸಿರು ಸಾಲುತ್ತಿಲ್ಲ. ನಿಮ್ಮಲ್ಲಿ ಎರಡೂ ಏರಬಹುದು ಅಂತ ನನ್ನ ಅಂದಾಜು. ಎರಡಕ್ಕೂ ಔಷಧ ಒಂದೇ, ಕಾರ್ಡ್ ಬದಲಿಸುವುದು.

ನಾನಾದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್ ತರುತ್ತೇನೆ. ಅದು ತಿನ್ನುವ ಕರೆಂಟ್ 70 ವ್ಯಾಟ್ ಮಾತ್ರ, ಬಹಳಷ್ಟು ಮಾಡೆಲ್‌ಗಳಿಗೆ ಬೇರೆ ಪವರ್ ಕೇಬಲ್ ಕೂಡ ಬೇಡ, ಅಂದರೆ ಹಳೇ ಎಸ್‌ಎಂಪಿಎಸ್ (ಪವರ್ ಸಪ್ಲೈ) ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಬಹುದು. ಎನ್‌ವೆಂಕ್ ಚೆನ್ನಾಗಿದೆ, ಕ್ಯಾಡ್ ಕೆಲಸಕ್ಕೂ ನೆರವಾಗುತ್ತದೆ. ಒಂದು ಎಚ್ಚರಿಕೆ: ಕಡಿಮೆ ಬೆಲೆಗೆ ಸಿಕ್ಕಿತು ಅಂತ ಎಎಂಡಿಯ ಆರ್‌ಎಕ್ಸ್ 6400 ಅಥವಾ 6500 ಎಕ್ಸ್‌ಟಿ ತರಬೇಡಿ. ಆಟಕ್ಕೆ ನಡೆಯುತ್ತವೆ, ಆದರೆ ಅವೆರಡರಲ್ಲೂ ವಿಡಿಯೋ ಎನ್ಕೋಡರ್ ಇಲ್ಲ. ತಂದರೆ ಮತ್ತೆ ಇದೇ ಪ್ರಶ್ನೆ ಬರೆಯಬೇಕಾಗುತ್ತದೆ.

ಇನ್ನು ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿ, ಅದೇ ಸ್ಪೀಡಿನದು. ಸಾಲಿಡ್‌ವರ್ಕ್ಸ್ ಇರುವ ಕಡೆ 16 ಜಿಬಿ ಬೇಕೇ ಬೇಕು.

ಎಸ್‌ಎಸ್‌ಡಿ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಅರ್ಧ ಸರಿ. ವಿಂಡೋಸ್ ಮತ್ತು ಸಾಫ್ಟ್‌ವೇರ್‌ಗೆ ಎಸ್‌ಎಸ್‌ಡಿ ಇದ್ದರೆ ಇಡೀ ಸಿಸ್ಟಂ ಚುರುಕಾಗುತ್ತದೆ, ಹಾಕಿಸಿ. ಆದರೆ ಜರ್ಕ್‌ಗೆ ಹಾರ್ಡ್ ಡಿಸ್ಕ್ ಕಾರಣ ಅಲ್ಲ. 40 ಎಂಬಿಪಿಎಸ್‌ನಲ್ಲಿ (ಸೆಕೆಂಡಿಗೆ 40 ಮೆಗಾಬಿಟ್, 8 ಬಿಟ್‌ಗೆ ಒಂದು ಬೈಟ್) ರೆಕಾರ್ಡ್ ಮಾಡಿದರೂ ಡಿಸ್ಕಿಗೆ ಹೋಗುವುದು ಸೆಕೆಂಡಿಗೆ 5 ಎಂಬಿ, ಗಂಟೆಗೆ 18 ಜಿಬಿ. ನಿಮ್ಮ ಹಾರ್ಡ್ ಡಿಸ್ಕ್ ಅದನ್ನು ಆರಾಮಾಗಿ ಬರೆಯುತ್ತದೆ.

ಕೆಂಪು ಗೆರೆಯ ಸಂಗತಿ ಬೇರೆ. ಇದಕ್ಕೆ ಎಷ್ಟೇ ದೊಡ್ಡ ಕಾರ್ಡ್ ತಂದರೂ ತನ್ನಷ್ಟಕ್ಕೆ ಸರಿಯಾಗಲ್ಲ. ಸಾಮಾನ್ಯ ವಿಡಿಯೋದಲ್ಲಿ ಬೆಳಕಿನ ಪ್ರಮಾಣವನ್ನು ಪ್ರತಿ ಪಿಕ್ಸೆಲ್ಲಿಗೂ ಬರೆಯುತ್ತಾರೆ, ಬಣ್ಣವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದೇ ಸಲ. ಇದನ್ನೇ 4:2:0 ಅಂತಾರೆ. ಒಂದೇ ಪಿಕ್ಸೆಲ್ ದಪ್ಪದ ಕೆಂಪು ಸೆಂಟರ್ ಲೈನ್ ಕಪ್ಪು ಹಿನ್ನೆಲೆ ಮೇಲೆ ಇದ್ದರೆ ಅದರ ಕೆಂಪು ಪಕ್ಕದ ಕಪ್ಪಿನ ಜೊತೆ ಕಲಸಿಹೋಗುತ್ತದೆ. ರೆಕಾರ್ಡಿಂಗ್ ನಿಲ್ಲಿಸಿ ಒಂದು ಫ್ರೇಮ್ ಹಿಗ್ಗಿಸಿ ನೋಡಿ: ಬಿಳಿ ಡೈಮೆನ್ಶನ್ ಅಂಕಿಗಳು ಚೂಪಾಗಿರುತ್ತವೆ, ಅದರ ಪಕ್ಕದ ಕೆಂಪು ಗೆರೆ ಕಂದು ಬಣ್ಣಕ್ಕೆ ತಿರುಗಿ ಅಂಚು ಕಿತ್ತಂತೆ ಇರುತ್ತದೆ. 4:4:4 ಅಂತ ಇನ್ನೊಂದು ಬಗೆ ಇದೆ, ಬಣ್ಣ ಪೂರ್ತಿ ಉಳಿಯುತ್ತದೆ, ಆದರೆ ಎಷ್ಟೋ ಮೊಬೈಲ್‌ಗಳಲ್ಲಿ ಸರಿಯಾಗಿ ಓಡಲ್ಲ. ನಿಮ್ಮ ಹುಡುಗರು ನೋಡುವುದು ಮೊಬೈಲ್‌ನಲ್ಲೇ ಅಲ್ವಾ? ಅದಕ್ಕೆ ಪಾಠದ ಫೈಲ್‌ಗಳಲ್ಲಿ ಕೆಂಪು, ನೀಲಿ ಲೇಯರ್‌ಗಳನ್ನು ಹಳದಿ, ತಿಳಿ ನೀಲಿಗೆ ಬದಲಿಸಿ, ಲೈನ್‌ವೇಟ್ ಡಿಸ್‌ಪ್ಲೇ ಆನ್ ಮಾಡಿ ಗೆರೆ ಸ್ವಲ್ಪ ದಪ್ಪ ಮಾಡಿ. ಒಂದು ರೂಪಾಯಿ ಖರ್ಚಿಲ್ಲ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಓಬಿಎಸ್‌ನಲ್ಲಿ ಬೇಸ್ ಮತ್ತು ಔಟ್‌ಪುಟ್ ರೆಸಲ್ಯೂಶನ್ ಎರಡೂ 3840×2160 ಇರಲಿ. ಫೈಲ್ ಚಿಕ್ಕದಾಗಲಿ ಅಂತ ಇಳಿಸುವುದಾದರೆ ನೇರ 1080ಪಿಗೆ ಇಳಿಸಿ, ಅದು ಉದ್ದ, ಅಗಲ ಎರಡರಲ್ಲೂ ಸರಿಯಾಗಿ ಅರ್ಧ. 1440ಪಿಗೆ ಇಳಿಸಿದರೆ ಲೆಕ್ಕ ಒಂದೂವರೆಯಾಗಿ ತೆಳು ಗೆರೆಗಳು ಅಲ್ಲಲ್ಲಿ ದಪ್ಪ, ಅಲ್ಲಲ್ಲಿ ಮಾಯ. ಕ್ಯಾಡ್ ಪಾಠಕ್ಕೆ 30 ಎಫ್‌ಪಿಎಸ್ ಸಾಕು. ರೇಟ್ ಕಂಟ್ರೋಲ್ ಸಿಕ್ಯೂಪಿ (ಫೈಲ್ ಸೈಜ್ ಬದಲು ಗುಣಮಟ್ಟ ಒಂದೇ ಸಮ ಇಡುವ ಬಗೆ) ಇಟ್ಟು 20ರ ಆಸುಪಾಸು ಕೊಡಿ, ಸ್ಕ್ರೀನ್ ಅಲುಗದೆ ಇದ್ದಾಗ ಫೈಲ್ ತಾನೇ ಚಿಕ್ಕದಾಗುತ್ತದೆ. ಮಾನಿಟರ್ ಕೇಬಲ್ ಕೂಡ ನೋಡಿಕೊಳ್ಳಿ. ಎಚ್‌ಡಿಎಂಐ 1.4 ಆಗಿದ್ದರೆ 4ಕೆಯಲ್ಲಿ 30 ಹರ್ಟ್ಸ್ ಮಾತ್ರ ಬರುತ್ತದೆ, ಮೌಸ್ ಎಳೆದಾಡಿದಂತೆ ಕಾಣುತ್ತದೆ, ನೀವು ಅದನ್ನೇ ಜರ್ಕ್ ಅಂದುಕೊಳ್ಳಬಹುದು.

ಕೊನೆಗೆ, ದಯವಿಟ್ಟು ಎಂಕೆವಿ ಅನ್ನೋ ಫೈಲ್ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡಿ. ನನ್ನದೊಂದು ಒಂದೂವರೆ ಗಂಟೆಯ ಪಾಠ, ಮುಗಿಯಲು ಹತ್ತು ನಿಮಿಷ ಇರುವಾಗ ಕರೆಂಟ್ ಹೋಯಿತು. ಸಾಮಾನ್ಯ ಎಂಪಿ4ನಲ್ಲಿ ಇಟ್ಟಿದ್ದೆ. ಫೈಲ್ ಇದೆ, ಸೈಜ್ ಇದೆ, ಯಾವ ಪ್ಲೇಯರ್‌ನಲ್ಲೂ ತೆರೆಯಲಿಲ್ಲ. ಎಂಕೆವಿ ಆಗಿದ್ದರೆ ಕರೆಂಟ್ ಹೋದ ಕ್ಷಣದವರೆಗೂ ಉಳಿಯುತ್ತಿತ್ತು. ಮುಗಿದಮೇಲೆ ಓಬಿಎಸ್‌ನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಿ, ಗುಣಮಟ್ಟ ಒಂದಿಷ್ಟೂ ಇಳಿಯಲ್ಲ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಗಣಿತದ ಪಾಠ ರೆಕಾರ್ಡ್ ಮಾಡುತ್ತೇನೆ. ಮೊದಲ ಹತ್ತು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ತಡವರಿಸುತ್ತದೆ. ಹೊಸದು ತಗೊಳ್ಳಲಾ?

ಉತ್ತರ: ತಡೀರಿ. ಹತ್ತು ನಿಮಿಷದ ನಂತರ ಶುರುವಾಗುವ ತೊಂದರೆ ಹೆಚ್ಚಾಗಿ ಬಿಸಿಯದ್ದು. ನಿಮ್ಮ ಊರಿನ ಏಪ್ರಿಲ್, ಮೇ ಬಿಸಿಲಿನಲ್ಲಿ ಕೋಣೆಯೇ ಕುದಿಯುತ್ತಿರುವಾಗ ಆ ಪುಟ್ಟ ಫ್ಯಾನ್ ಏನು ಮಾಡೀತು? ರೆಕಾರ್ಡ್ ಮಾಡುವಾಗ ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಸ್ಪೀಡ್ ನೋಡುತ್ತಿರಿ. ತಡವರಿಸಲು ಶುರುವಾದ ಹೊತ್ತಿಗೇ ಅದು ಧಡಕ್ಕನೆ ಇಳಿದರೆ ಬಿಸಿಯೇ ಕಾರಣ. ಫ್ಯಾನ್ ಬಿಚ್ಚಿಸಿ ಧೂಳು ತೆಗೆಸಿ, ಥರ್ಮಲ್ ಪೇಸ್ಟ್ ಹೊಸದು ಹಾಕಿಸಿ, ಹಿಂಬದಿ ಎತ್ತರಿಸಿ ಇಡಿ, ಹಾಸಿಗೆ ಮೇಲೆ ಅಂತೂ ಇಡಲೇಬೇಡಿ. ಚಾರ್ಜರ್ ಹಾಕಿಕೊಂಡೇ ರೆಕಾರ್ಡ್ ಮಾಡಿ. ಇಂಟೆಲ್ ಲ್ಯಾಪ್‌ಟಾಪ್ ಆಗಿದ್ದರೆ ಎನ್ಕೋಡರ್ ಎಕ್ಸ್264 ಬದಲು ಕ್ವಿಕ್ ಸಿಂಕ್ ಇಡಿ, ಪ್ರೊಸೆಸರ್ ಮೇಲಿನ ಭಾರ ಇಳಿದು ಬಿಸಿಯೂ ಇಳಿಯುತ್ತದೆ. ಇಷ್ಟು ಮಾಡಿ ಬೆಳಗ್ಗೆ ಆರಕ್ಕೆ, ತಂಪು ಹೊತ್ತಿನಲ್ಲಿ ಒಂದು ಪಾಠ ರೆಕಾರ್ಡ್ ಮಾಡಿ. ಆಗಲೂ ತಡವರಿಸಿದರೆ ಮಾಡೆಲ್ ನಂಬರ್ ಮತ್ತು ಸ್ಟಾಟ್ಸ್‌ನ ಫೋಟೋ ಜೊತೆ ಮತ್ತೆ ಬರೆಯಿರಿ.